ಕಡಲು ದಾಟದ ಬೀಜ

ಜುಲೈ ತಿಂಗಳಲ್ಲಿ ಇಲ್ಲಿ ಬೇಗ ಬೆಳಗಾಗುತ್ತದೆ. ಐದು ಗಂಟೆಗೆಲ್ಲ ಹೊಲದ ಮೇಲೆ ಬೆಳಕು ಹರಡಿದೆ. ಆದರೆ ಎಫೀ ಮೆಕ್‌ಗಿನ್ಲಿ ಇನ್ನೂ ಹೊಲಕ್ಕೆ ಇಳಿದಿಲ್ಲ. ಗೇಟಿನ ಕಂಬಕ್ಕೆ ಒರಗಿ ನಿಂತು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತಿದ್ದಾರೆ. ಆಗಾಗ ಬಗ್ಗಿ, ಅಂಚಿನ ಆಲೂಗಡ್ಡೆ ಗಿಡದ ಎಲೆಗೆ ಕೈಯ ಹಿಂಬದಿಯನ್ನು ತಾಗಿಸುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಕೈ ಒದ್ದೆಯಾಗುತ್ತದೆ. ಸೆರಗಿಲ್ಲದ ಊರು ಇದು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಕಾಯುತ್ತಾರೆ.

"ಹೇರ್ ಡ್ರೈಯರ್ ತರಲಾ ಎಫೀ?" ಎಂದು ರುಮ್ಯಾನಾ ಕೇಳುತ್ತಾಳೆ. ಬಲ್ಗೇರಿಯಾದಿಂದ ಬೇಸಿಗೆ ಕೆಲಸಕ್ಕೆ ಬರುವ ಹೆಂಗಸು. ಎಫೀ ಅವರ ಪಕ್ಕದ ಸಾಲಿನಲ್ಲಿ ನಡೆಯುವುದು ಇದು ಆರನೆಯ ಬೇಸಿಗೆ.

"ತಾ ಮಾರಾಯ್ತಿ. ವೈರು ಮಾತ್ರ ನಿಮ್ಮೂರಿಂದಲೇ ಎಳ್ಕೊಂಡು ಬಾ."

ಇಬ್ಬನಿ ಆರದೆ ಗಿಡ ಮುಟ್ಟಬಾರದು. ಒದ್ದೆ ಎಲೆ ಸವರಿದ ಪ್ಯಾಂಟು ಒಂದು ಗಿಡದ ಕೊಳೆಯನ್ನು ಇನ್ನೊಂದಕ್ಕೆ ಹಚ್ಚುತ್ತಾ ಹೋಗುತ್ತದೆ. ಹಾಗಾದರೆ ಬೆಳಕು ಹರಿಯುವ ಮೊದಲೇ ಬಂದು ನಿಲ್ಲುವುದೇಕೆ? "ಮೋಡ ಇರೋವಾಗ ನಡೀಬೇಕು. ಬಿಸಿಲು ಬಿತ್ತು ಅಂದ್ರೆ ಎಲೆ ಎಲ್ಲಾ ಹೊಳೆಯೋಕೆ ಶುರುವಾಗತ್ತೆ, ಕಾಯಿಲೆ ಗಿಡಾನೂ ಚೆಂದ ಕಾಣತ್ತೆ. ಇಬ್ಬನಿ ಆರಿದ್ದಕ್ಕೂ ಬಿಸಿಲು ಬೀಳೋದಕ್ಕೂ ನಡುವೆ ಸಿಕ್ಕಷ್ಟೇ ನಮ್ಮ ಹೊತ್ತು. ಅದು ಯಾವಾಗ ಬರತ್ತೆ ಅಂತ ಯಾರಿಗೆ ಗೊತ್ತು? ಅದಕ್ಕೇ ಬಂದು ನಿಂತಿರ್ತೀವಿ" ಎನ್ನುತ್ತಾರೆ ಎಫೀ.

ಸ್ಕಾಟ್ಲೆಂಡಿನ ಪೂರ್ವಕ್ಕೆ, ಬ್ರೆಕಿನ್ ಊರಿನ ಹೊರಗಿನ ಈ ಕೆಂಪು ಮಣ್ಣಿನ ಹೊಲಗಳಲ್ಲಿ ಬೆಳೆಯುವುದು ತಿನ್ನುವ ಆಲೂಗಡ್ಡೆಯಲ್ಲ, ಬಿತ್ತನೆಯದು; ಇಲ್ಲಿ ಗೆಡ್ಡೆಯೇ ಬೀಜ. ಬೇರೆ ಊರಿನವರು, ಬೇರೆ ದೇಶದವರು ಇದನ್ನು ಕೊಂಡುಹೋಗಿ ನೆಟ್ಟು ತಮ್ಮ ಬೆಳೆ ತೆಗೆಯುತ್ತಾರೆ. ಇಲ್ಲಿ ಒಂದು ಗಿಡಕ್ಕೆ ರೋಗವಿದ್ದರೆ ಅಲ್ಲಿ ಒಂದು ಹೊಲಕ್ಕೆ ರೋಗ. ಆದ್ದರಿಂದ ಮಾರುವ ಮೊದಲು ಯಾರಾದರೂ ಸಾಲುಸಾಲಾಗಿ ನಡೆದು, ಒಂದೊಂದೇ ಗಿಡದ ಮುಖ ನೋಡಿ, ಕಾಯಿಲೆಯದನ್ನೂ ಬೇರೆ ತಳಿಯದನ್ನೂ ಬೇರುಸಹಿತ ಕಿತ್ತು, ಬುಡದ ಗೆಡ್ಡೆಗಳನ್ನೆಲ್ಲ ಕೆದಕಿ ಆರಿಸಿ, ಬೆನ್ನಿನ ಚೀಲಕ್ಕೆ ಹಾಕಿ ಹೊಲದಾಚೆ ಒಯ್ಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ ಇದು. ಮೊರ ಮಾತ್ರ ನಲವತ್ತು ಎಕರೆಯದು. ಎಫೀ ಅವರಿಗೆ ಈಗ ಅರವತ್ತೆಂಟು. ಹದಿನೇಳಕ್ಕೆ ಹಿಡಿದ ಈ ಕೆಲಸದಲ್ಲಿ ಮೋಡ ಕವಿದ ಬೇಸಿಗೆಯ ದಿನವಾದರೆ ಹತ್ತು ಮೈಲಿಯಾದರೂ ನಡೆಯುತ್ತಾರೆ. ಚೀಲದ ಮೇಲೆ ಅಂಟಿಸುವ ಚೀಟಿಯಲ್ಲಿ ತಳಿಯ ಹೆಸರು ಇರುತ್ತದೆ, ಬೆಳೆದವರ ಗುರುತು ಇರುತ್ತದೆ. ನಡೆದವರ ಹೆಸರು ಇರುವುದಿಲ್ಲ.

ಏಳೂವರೆಗೆ ಎಲೆ ಒಣಗುತ್ತದೆ. ಎಫೀ ಗೇಟು ತೆರೆದು, ಬಕೆಟ್ಟಿನ ಔಷಧಿ ನೀರಲ್ಲಿ ಗಮ್‌ಬೂಟು ಅದ್ದಿ ಒಳಗಿಳಿಯುತ್ತಾರೆ. ಅವರು ಮೊದಲು ನಡೆಯುವುದು ಹೊಲದ ಮೂಲೆಯ ಸಣ್ಣ ಪಟ್ಟಿಯೊಂದನ್ನು. ಬಿಳಿ ಹೂ ಬಿಟ್ಟು ನಿಂತಿರುವ ಆ ತಳಿಯ ಹೆಸರು ಕೆರ್ಸ್ ಪಿಂಕ್. ತಿಳಿಗುಲಾಬಿ ಸಿಪ್ಪೆ, ಬೆಂದರೆ ಬಿರಿದು ಹಿಟ್ಟು ಹಿಟ್ಟಾಗುತ್ತದೆ. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲೇ ಆದರೂ ಇಲ್ಲಿನವರಿಗೆ ಇದರ ಮೇಲೆ ಅಷ್ಟು ಮೋಹವಿಲ್ಲ. ಮೋಹವೆಲ್ಲ ಕಡಲಾಚೆ ಐರ್ಲೆಂಡಿನವರದು, ಅದರಲ್ಲೂ ಡೊನೆಗಾಲಿನವರದು. ಒಂದು ಕಾಲಕ್ಕೆ ಈ ಹೊಲದ ಅರ್ಧಕ್ಕರ್ಧ ಇದೇ ಇತ್ತು.

ಹೊಲದ ಯಜಮಾನ ಗ್ರೆಗರ್ ಲೈಯಲ್ ಗೇಟಿನಾಚೆ ನಿಂತು ಆ ಪಟ್ಟಿಯನ್ನೇ ನೋಡುತ್ತಿದ್ದಾರೆ. ಬ್ರಿಟನ್ ಯುರೋಪಿನ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ ದಿನದಿಂದ ಇಲ್ಲಿನ ಬಿತ್ತನೆ ಆಲೂಗಡ್ಡೆಗೆ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿಗೆ ಪ್ರವೇಶವಿಲ್ಲ. ಡಿಸೆಂಬರಿನ ಕೊನೆಯ ರಾತ್ರಿ ಮಲಗಿದಾಗ ಅದು ಒಳಗಿನ ಬೀಜ. ಬೆಳಗ್ಗೆ ಎದ್ದಾಗ ಹೊರದೇಶದ ಬೀಜ. ಮಣ್ಣು ಅದೇ, ಗಿಡ ಅದೇ, ನಡೆಯುವ ಕಾಲೂ ಅವೇ.

"ಸುಂಕ ಹಾಕಿದ್ರೆ ಕಟ್ತಿದ್ದೆ, ಬೈಕೊಂಡಾದ್ರೂ ಕಟ್ತಿದ್ದೆ" ಎನ್ನುತ್ತಾರೆ ಗ್ರೆಗರ್. "ವರ್ಷಕ್ಕೆ ಇಷ್ಟೇ ಲಾರಿ ಅಂತ ಕೋಟಾ ಇಟ್ಟಿದ್ರೆ ಹೋಗಿ ಸಾಲಲ್ಲಿ ನಿಂತು ನನ್ನ ಪಾಲು ಕೇಳ್ತಿದ್ದೆ. ಅದಕ್ಕೆಲ್ಲ ಒಂದು ಬಾಗಿಲು ಅಂತ ಇರತ್ತೆ, ಬಾಗಿಲ ಹತ್ರ ಒಬ್ಬ ಮನುಷ್ಯ ಇರ್ತಾನೆ, ಜಗಳ ಆಡಬಹುದು. ಇವರು ಹೇಳೋದು, 'ನಿಮ್ಮ ಬೀಜಕ್ಕೆ ರೋಗ ಇರಬಹುದು.' ಇರಬಹುದು! ಇದೆ ಅಂದ್ರೆ ತೋರ್ಸಿ ಅನ್ನಬಹುದು. ಇರಬಹುದು ಅಂದ್ರೆ ಏನಂತ ಉತ್ತರ ಕೊಡಲಿ?"

ಸುಮ್ಮನೆ ನಡೆಯುತ್ತಿದ್ದ ಎಫೀ ತಲೆಯೆತ್ತದೆಯೇ ಹೇಳುತ್ತಾರೆ: "ಅವರು ಹಾಗಂದ್ರೆ ನಾವೂ ಹಾಗೇ ಅಂದಿದೀವಲ್ಲ ಗ್ರೆಗರ್. ಅವರ ಬೀಜ ನಮ್ಮಲ್ಲಿಗೆ ಬರೋ ಹಾಗಿದ್ಯಾ?"

"ನೀನು ಯಾರ ಕಡೆ ಎಫೀ?"

"ನಾನು ಗಿಡದ ಕಡೆ."

ಕೋಪ ಬರುವುದಿಲ್ಲವೇ ಎಂದರೆ ಎಫೀ ಬಗ್ಗಿ ಒಂದು ಗಿಡದ ಕೆಳಗಿನ ಎಲೆಗಳನ್ನು ಬೆರಳಿಂದ ಎತ್ತಿ ನೋಡಿ ಬಿಟ್ಟುಬಿಡುತ್ತಾರೆ. "ಹೇಗೆ ಬರತ್ತೆ? ಎಲ್ಲೋ ಕಾಯಿಲೆ ಇರಬಹುದು ಅಂತ ಯಾರಾದ್ರೂ ಅಂದ್ರೆ ಮೊದಲು ಗೇಟು ಹಾಕೋಳು ನಾನೇ. ಗ್ರೆಗರ್‌ನ ಅತ್ತೇನೇ ಬೂಟು ತೊಳೀದೆ ಒಳಗೆ ಬಿಟ್ಟಿಲ್ಲ ನಾನು. ಜೀವಮಾನ ಪೂರ್ತಿ ಹೆದರಿದ್ದು ಅದೊಂದಕ್ಕೇ. ಈಗ ಬೇರೆಯವರು ಹೆದರಿದ್ರೆ ತಪ್ಪು ಅಂತ ಹೇಗೆ ಹೇಳಲಿ? ಸಂಕಟ ಆಗತ್ತೆ, ಅಷ್ಟೇ. ಕೋಪ ಬಂದಿದ್ರೆ ವಾಸಿ ಇತ್ತು."

ಆ ಸಂಕಟಕ್ಕೆ ಒಂದು ಹೆಸರಿದೆ: ಫೆಲಿಮ್. ಎಫೀ ಅವರ ತೀರಿಹೋದ ಗಂಡ ಕಾನಲ್ ಮೆಕ್‌ಗಿನ್ಲಿಯ ತಮ್ಮ.

ಎಫೀ ಈ ಹೊಲಗಳ ನಡುವಿನ ಆಳುಮನೆಯಲ್ಲೇ ಹುಟ್ಟಿದವರು. ಅಕ್ಟೋಬರಿನಲ್ಲಿ ಶಾಲೆಗೆ ರಜೆ ಕೊಟ್ಟು ಮಕ್ಕಳನ್ನೆಲ್ಲ ಆಲೂಗಡ್ಡೆ ಆರಿಸಲು ಹಚ್ಚುತ್ತಿದ್ದ ಕಾಲ. ಅದೇ ಹೊತ್ತಿಗೆ ಡೊನೆಗಾಲಿನಿಂದ ಗುಂಪುಗುಂಪಾಗಿ ಗೆಡ್ಡೆ ಅಗೆಯುವವರು ಬರುತ್ತಿದ್ದರು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹುಲ್ಲಿನ ಮೇಲೆ ಮಲಗುತ್ತಿದ್ದರು. ಅಂಥ ಒಂದು ಗುಂಪಿನಲ್ಲಿ ಬಂದ ಕಾನಲ್, ಊರಿಗೆ ಮರಳುವ ದಿನ ಹಡಗು ಹತ್ತಲಿಲ್ಲ. "ನಮ್ಮಪ್ಪ ಆರು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ. 'ಗೆಡ್ಡೆ ಅಗೆಯೋಕೆ ಬಂದವನು ಮಗಳನ್ನ ಅಗೆದುಕೊಂಡು ಹೋದ' ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ" ಎಂದು ಎಫೀ ನಗುತ್ತಾರೆ. ಕಾನಲ್ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಇಲ್ಲೇ ಉಳಿದರು, ಗೆಡ್ಡೆ ವಿಂಗಡಿಸುವ ಶೆಡ್ಡಿನಲ್ಲಿ ಮೂವತ್ತೈದು ವರ್ಷ ದುಡಿದರು. ಹೆಂಡತಿ ನಡೆದ ಹೊಲದ ಗೆಡ್ಡೆ ಗಂಡನ ಕೈಯಲ್ಲಿ ಚೀಲ ತುಂಬಿ, ಹಡಗೇರಿ, ಡೊನೆಗಾಲಿನ ವ್ಯಾಪಾರಿಯ ಮೂಲಕ ಫೆಲಿಮ್‌ನ ಹೊಲ ಸೇರುತ್ತಿತ್ತು. ಪ್ರತಿ ವರ್ಷ. ಕಾನಲ್ ತೀರಿಕೊಂಡ ವರ್ಷವೂ ಅದು ತಪ್ಪಲಿಲ್ಲ.

ತಪ್ಪಿದ್ದು ಕಾಯಿದೆ ಬದಲಾದ ಮೇಲೆ. ಐರ್ಲೆಂಡಿನೊಳಗೇ ಬೆಳೆದ ಬಿತ್ತನೆ ಆ ವರ್ಷ ಸಾಲಲಿಲ್ಲ. ಇದ್ದದ್ದು ದೊಡ್ಡ ಬೆಳೆಗಾರರ ಪಾಲಾಯಿತು. ಎರಡು ಎಕರೆಯ ಫೆಲಿಮ್‌ಗೆ ಸಿಕ್ಕಿದ್ದು ಹಾಲೆಂಡಿನ ಬೇರೊಂದು ತಳಿ. ಒಂದು ಚೀಲ ಬೇಯಿಸಿ ನೋಡಿ ಫೋನು ಮಾಡಿದರು.

"ಸಾಬೂನು ಕಣೇ ಎಫೀ. ಬೇಯ್ಸಿದ್ರೆ ಕರಗಲ್ಲ, ಬಿರಿಯಲ್ಲ. ಸ್ನಾನಕ್ಕೆ ಇಟ್ಕೊಂಡಿದೀನಿ."

ಆಮೇಲೆ ಅವರು ಹಳೆಯ ಬೆಳೆಯಲ್ಲಿ ಉಳಿದ ಗೆಡ್ಡೆಯನ್ನೇ ಬಿತ್ತತೊಡಗಿದರು. ಹಾಗೆ ಮನೆಯ ಗೆಡ್ಡೆಯನ್ನೇ ಮತ್ತೆ ಮತ್ತೆ ಬಿತ್ತಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗಿಡದ ಹೇನು ಒಂದರಿಂದ ಒಂದಕ್ಕೆ ರೋಗ ದಾಟಿಸುತ್ತದೆ; ರೋಗ ಗೆಡ್ಡೆಯೊಳಗೆ ಕೂತು ಮರುವರ್ಷ ಗಿಡದ ಜೊತೆಗೇ ಮೇಲೇಳುತ್ತದೆ. ವರ್ಷ ವರ್ಷಕ್ಕೆ ಇಳುವರಿ ಇಳಿಯುತ್ತದೆ. ಮೂರನೆಯ ವರ್ಷದ ವಸಂತದಲ್ಲಿ ಫೆಲಿಮ್ ಕೇಳಿಯೇಬಿಟ್ಟರು.

"ಈಸ್ಟರ್‌ಗೆ ಬರ್ತೀಯಲ್ಲ. ಕೋಟಿನ ಜೇಬಲ್ಲಿ ಒಂದಿಷ್ಟು ಹಾಕ್ಕೊಂಡು ಬಾ. ಮುದುಕಿ ಜೇಬಿಗೆ ಯಾರು ಕೈ ಹಾಕ್ತಾರೆ?"

"ಆಗಲ್ಲ ಫೆಲಿಮ್."

"ನಿನ್ನ ಹೊಲದ್ದೇ. ನೀನೇ ನಡೆದಿದ್ದು. ಅದಕ್ಕೆ ಏನೂ ಇಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ನನಗೆ ಗೊತ್ತು. ಆದ್ರೆ ಎಲ್ಲರೂ ಹಂಗೇ ಅಂದ್ಕೊಂಡು ಜೇಬಲ್ಲಿ ತಂದ್ರೆ?"

"ಕಾನಲ್ ಇದ್ದಿದ್ರೆ ತರ್ತಿದ್ದ" ಎಂದು ಫೆಲಿಮ್ ಫೋನು ಇಟ್ಟರು.

"ಹೌದು, ತರ್ತಿದ್ದ" ಎನ್ನುತ್ತಾರೆ ಎಫೀ. "ಕಾನಲ್ ಜೇಬು ಹರಿಯೋಷ್ಟು ತುಂಬ್ಕೊಂಡು ಹೋಗ್ತಿದ್ದ. ಅವನು ಶೆಡ್ಡಿನವನು. ಗೆಡ್ಡೆ ಅಂದ್ರೆ ಅವನಿಗೆ ಊಟ. ನಾನು ಒಂದು ಗಿಡದಿಂದ ಇಡೀ ಹೊಲ ಹೋಗಿದ್ದು ನೋಡಿದೀನಿ." ಆ ಈಸ್ಟರಿಗೆ ಅವರು ಡೊನೆಗಾಲಿಗೆ ಹೋಗಲೂ ಇಲ್ಲ. ಬೇಸಿಗೆ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಕಾರ್ಡು ಬರಲಿಲ್ಲ. ಕಾನಲ್ ಹೋದ ಮೇಲೆ ಆ ಮನೆಗೂ ಈ ಮನೆಗೂ ಇದ್ದ ಬಳಕೆಯೇ ಆ ಗೆಡ್ಡೆಯದು. ಅದು ನಿಂತ ಮೇಲೆ ಮಾತಿಗೆ ಬೇರೆ ನೆಪವೇ ಉಳಿಯಲಿಲ್ಲ.

ಕಳೆದ ವರ್ಷ ಜುಲೈ ಕೊನೆಗೆ ಫೆಲಿಮ್ ತಾವಾಗಿಯೇ ಕರೆದರು. ಮದುವೆಯಾಗದೆ ಎಪ್ಪತ್ತೈದು ದಾಟಿದ ಮನುಷ್ಯ, ಯಾರಿಂದಲೂ ಏನನ್ನೂ ಕೇಳಿ ಅಭ್ಯಾಸವಿಲ್ಲ. "ಗೆಡ್ಡೆ ತರ್ಬೇಡ. ನೀನೊಬ್ಳೇ ಬಾ. ನನ್ನ ಹೊಲ ನಡೆದುಕೊಡು. ಕೆಟ್ಟದ್ದು ಕಿತ್ತು ಹಾಕು. ಒಳ್ಳೇದು ಉಳಿದ್ರೆ ಅದನ್ನೇ ಬಿತ್ತನೆಗೆ ಇಟ್ಕೋತೀನಿ."

ಎಫೀ ಹಡಗು ಹತ್ತಿ, ಬಸ್ಸು ಹಿಡಿದು ಹೋದರು. ತಮ್ಮ ಬೂಟುಗಳನ್ನು ಮನೆಯಲ್ಲೇ ಬಿಟ್ಟರು. ಅವುಗಳ ಅಡಿಯಲ್ಲಿ ಇಲ್ಲಿಯ ಮಣ್ಣು ಇರಬಹುದಲ್ಲ. ಕಡಲಂಚಿನ ಆ ಹೊಲಕ್ಕೆ ಫೆಲಿಮ್‌ನ ಬೂಟಿಗೇ ಹಳೆಯ ಪತ್ರಿಕೆ ತುರುಕಿಕೊಂಡು ಇಳಿದರು. ಫೆಲಿಮ್ ಚೀಲ ಹಿಡಿದು ಹಿಂದೆ ಬಂದರು.

"ಗೇಟಿನ ಹತ್ರಾನೇ ಗೊತ್ತಾಯ್ತು ನನಗೆ" ಎನ್ನುತ್ತಾರೆ ಎಫೀ. ಎಲೆ ಸುರುಳಿಯ ರೋಗ ಹಿಡಿದ ಗಿಡದ ಕೆಳಗಿನ ಎಲೆಗಳು ಮೇಲಕ್ಕೆ ಮಡಚಿಕೊಂಡು ತೊಗಲಿನ ಹಾಗೆ ಗಡುಸಾಗುತ್ತವೆ. ಕೈ ಸವರಿದರೆ ಒಣ ಕಾಗದದ ಸದ್ದು. ಒಳ್ಳೆಯ ಹೊಲದಲ್ಲಿ ಗಾಳಿ ಬೀಸಿದರೆ ಮೆತ್ತಗೆ ಕೇಳಿಸುತ್ತದೆ. ಫೆಲಿಮ್‌ನ ಹೊಲ ಇಡಿಯಾಗಿ ಚರಚರ ಎನ್ನುತ್ತಿತ್ತು.

ಮೊದಮೊದಲು ಹಾಸ್ಯ ನಡೆಯಿತು. "ಇದು ಬಿಡೇ, ಇದು ನನ್ನ ಹಾಗೆ, ನೋಡೋಕೆ ಹಿಂಗೆ, ಒಳಗೆ ಗಟ್ಟಿ" ಎಂದರು ಫೆಲಿಮ್.

"ನಿನ್ನನ್ನೂ ಕೀಳ್ಬೇಕಾಗತ್ತೆ, ಸುಮ್ನೆ ಚೀಲ ಹಿಡಿ."

ಸಾಲಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಚೀಲ ತುಂಬಿತು. ಗೋಡೆಯಾಚೆ ಸುರಿದು ಬಂದರು. ಮತ್ತೆ ತುಂಬಿತು. "ಇದು?" "ಇದೂ." "ಇದು?" "ಇದೂ ಫೆಲಿಮ್." ಆಮೇಲೆ ಅವರು ಕೇಳುವುದನ್ನು ನಿಲ್ಲಿಸಿದರು. ಎಫೀ ಒಂದು ಕ್ಷಣ ಬೆನ್ನು ನೇರ ಮಾಡಿ, "ಸಾಕು ಮಾಡೋಣ. ತಿನ್ನೋಕಾದ್ರೂ ಬೆಳೆ ಉಳೀಲಿ. ಇದು ತಿನ್ನೋರಿಗೆ ಏನೂ ಮಾಡಲ್ಲ" ಎಂದರು.

"ತಿನ್ನೋಕಲ್ಲ ನಿನ್ನ ಕರ್ಸಿದ್ದು" ಎಂದರು ಫೆಲಿಮ್. "ನಿಮ್ಮೂರಲ್ಲಾದ್ರೆ ಹೇಗೆ ನಡೀತೀಯೋ ಹಂಗೇ ನಡಿ."

ಎಫೀ ಹಾಗೆಯೇ ನಡೆದರು. ಎರಡನೆಯ ದಿನ ಫೆಲಿಮ್ ಚೀಲ ಕೆಳಗಿಟ್ಟು ತಾವೂ ಕೀಳತೊಡಗಿದರು. ಯಾವುದನ್ನು ಕೀಳಬೇಕೆಂದು ಹೇಳಿಕೊಡುವ ಅಗತ್ಯವಿರಲಿಲ್ಲ. ಯಾವುದನ್ನು ಬಿಡಬೇಕೆಂದು ಹೇಳಿದರೆ ಸಾಕಿತ್ತು. ಕೊನೆಗೆ ನಿಂತದ್ದು ಕಡಲ ಕಡೆಯ ಮೂಲೆಯಲ್ಲಿ, ಹೇನು ಕೂರಲಾಗದಷ್ಟು ಗಾಳಿ ಹೊಡೆಯುವ ಜಾಗದಲ್ಲಿ, ಒಂದು ಹಿಡಿಯಷ್ಟು ಗಿಡ. ಉಳಿದ ಹೊಲ ಕೆದಕಿದ ಕೋಳಿಯಂಗಳದ ಹಾಗೆ ಬಿದ್ದಿತ್ತು. ಎಫೀ ತಮ್ಮ ಐವತ್ತು ವರ್ಷದ ಕೆಲಸದಲ್ಲಿ ಹೀಗೆ ಒಂದು ಹೊಲವನ್ನೇ ಕಿತ್ತಿರಲಿಲ್ಲ.

ಸಂಜೆ ಫೆಲಿಮ್ ಗೋಡೆಯಾಚೆಯ ರಾಶಿಯಿಂದ ಗೋಲಿಯಷ್ಟು, ಮೊಟ್ಟೆಯಷ್ಟು ಗೆಡ್ಡೆಗಳನ್ನು ಆರಿಸಿ ತಂದು ಬೇಯಿಸಿದರು. ಬೆಣ್ಣೆ, ಉಪ್ಪು, ಲೋಟದ ತುಂಬ ಮಜ್ಜಿಗೆ. ಆ ಕಡೆಯ ಮನೆಗಳಲ್ಲಿ ವರ್ಷದ ಮೊದಲ ಗೆಡ್ಡೆ ಬಾಯಿಗಿಡುವಾಗ ಒಂದು ಮಾತು ಹೇಳುತ್ತಾರೆ: ಬರುವ ವರ್ಷ ಇದೇ ಹೊತ್ತಿಗೆ ನಾವೆಲ್ಲ ಬದುಕಿರೋಣ. ಮನೆಯ ಹಿರಿಯರು ಹೇಳಬೇಕು. ಫೆಲಿಮ್ ತಟ್ಟೆ ನೋಡುತ್ತಾ ಕೂತಿದ್ದರು. ಗೆಡ್ಡೆ ಆರುತ್ತಿತ್ತು. ಕಡೆಗೆ ಎಫೀ ಅವರೇ ಹೇಳಿದರು, ಕಾನಲ್ ಕಲಿಸಿದ ಐರಿಷ್ ಭಾಷೆಯಲ್ಲಿ, ತಪ್ಪುತಪ್ಪಾಗಿ. "ನಗ್ತಾನೆ ಅಂದ್ಕೊಂಡೆ. ನಗ್ಲಿಲ್ಲ. ಉಪ್ಪಿನ ಬಟ್ಟಲು ನನ್ನ ಕಡೆ ತಳ್ಳಿದ."

ಮೂಲೆಯ ಆ ಗಿಡಗಳು ಸೆಪ್ಟೆಂಬರಿನಲ್ಲಿ ಒಂದು ಬಕೆಟ್ಟಿನಷ್ಟು ಒಳ್ಳೆಯ ಗೆಡ್ಡೆ ಕೊಟ್ಟವು. ಚಳಿಗಾಲವಿಡೀ ಫೆಲಿಮ್ ವಾರಕ್ಕೊಮ್ಮೆ ಫೋನು ಮಾಡಿದರು. ಗೆಡ್ಡೆಗಳನ್ನು ಕಪಾಟಿನ ಮೇಲೆ ಮೊಟ್ಟೆಯ ತಟ್ಟೆಯಲ್ಲಿ ಜೋಡಿಸಿದ್ದಾಯಿತು, ಮೊಳಕೆ ಕಣ್ಣು ಬಿಟ್ಟದ್ದಾಯಿತು. ಬ್ರಿಟನ್ನೂ ಒಕ್ಕೂಟವೂ ಮತ್ತೆ ಮಾತಿಗೆ ಕೂತಿವೆ, ಬಾಗಿಲು ತೆರೆದರೂ ತೆರೆಯಬಹುದು ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಎಫೀ ಓದಿ ಹೇಳಿದರು. "ಯಾವಾಗ?" ಎಂದರು ಫೆಲಿಮ್. ಅದನ್ನು ಪತ್ರಿಕೆ ಬರೆದಿರಲಿಲ್ಲ.

ಈ ಮಾರ್ಚಿನಲ್ಲಿ, ಬಿತ್ತನೆಯ ಹೊತ್ತಿಗೆ ಬಂದ ಕರೆ ಸಣ್ಣದಾಗಿತ್ತು.

"ಹೊಲಕ್ಕೆ ಹುಲ್ಲು ಹಾಕ್ಬಿಟ್ಟೆ ಎಫೀ. ಪಕ್ಕದ ಮನೆಯವನು ಕುರಿ ಬಿಡ್ತಾನಂತೆ."

"ಮೂಲೆ ಗೆಡ್ಡೆ ಏನ್ಮಾಡ್ದೆ?"

"ತಿಂದೆ."

"ಏನು?"

"ಭಾನುವಾರ ಬೇಯ್ಸಿ ತಿಂದೆ. ಬೈಬೇಡ. ಮಾರ್ಚಲ್ಲಿ ಬೀಜದ ಗೆಡ್ಡೆ ತಿನ್ನೋದು ಪಾಪ ಅಂತ ನನಗೂ ಗೊತ್ತು. ಒಂದು ಬಕೆಟ್ಟಿಂದ ಹೊಲ ತುಂಬೋಕೆ ನಾಲ್ಕು ವರ್ಷ ಬೇಕು. ನನ್ನ ಹತ್ರ ನಾಲ್ಕು ವರ್ಷ ಇದ್ಯಾ ಹೇಳು."

ಎಫೀ ಬೈಯಲಿಲ್ಲ. "ಹೇಗಿತ್ತು?" ಎಂದು ಕೇಳಿದರು.

"ಬಿರಿದು ಹಿಟ್ಟಾಗಿತ್ತು ಕಣೇ" ಎಂದರಂತೆ ಫೆಲಿಮ್.

ಇತ್ತ ಬ್ರೆಕಿನ್ನಿನ ಹೊಲದಲ್ಲಿ ಮೂಲೆಯ ಪಟ್ಟಿ ಮುಗಿಯುವ ಹೊತ್ತಿಗೆ ಮೋಡ ಸರಿದು ಬಿಸಿಲು ಬಿದ್ದಿದೆ. ಇವತ್ತಿನ ಕೆಲಸ ಇಲ್ಲಿಗೇ. ಬೆನ್ನಿನ ಚೀಲದಲ್ಲಿ ಒಂದೇ ಒಂದು ಗಿಡವಿದೆ, ಅದೂ ಬುಡ ಕಪ್ಪಾದದ್ದು. ಮುಂದಿನ ವರ್ಷ ಈ ಪಟ್ಟಿ ಇರುತ್ತದೆಯೋ ಇಲ್ಲವೋ ಗ್ರೆಗರ್ ಇನ್ನೂ ಹೇಳಿಲ್ಲ. ಕೊಳ್ಳುವವರಿಲ್ಲದ ತಳಿಯನ್ನು ಎಷ್ಟು ವರ್ಷ ಕಾಪಾಡುವುದು? ಆದರೆ ಒಮ್ಮೆ ಕೈಬಿಟ್ಟರೆ, ನಾಳೆ ಬಾಗಿಲು ತೆರೆದಾಗ ಕಳಿಸಲು ಬೀಜವೇ ಇರುವುದಿಲ್ಲ. ಎಫೀ ಕೇಳುವುದಿಲ್ಲ. "ಕೇಳಿದ್ರೆ ಉತ್ತರ ಕೊಡ್ಬೇಕಾಗತ್ತೆ ಅವನು. ಪಾಪ, ಕೊಡದೇ ಇರ್ಲಿ" ಎನ್ನುತ್ತಾರೆ.

ಬಾಗಿಲು ತೆರೆದರೆ ಅವರಿಗೆ ಏನಾಗಬೇಕು? ಗೇಟಿಗೆ ಚಿಲಕ ಹಾಕುತ್ತಾ ಎಫೀ ಯೋಚಿಸುತ್ತಾರೆ. ಹೊಲವೆಲ್ಲ ಬೇಡವಂತೆ, ಅದು ಹುಲ್ಲಾಯಿತು, ಆಗಲಿ. ಫೆಲಿಮ್‌ನ ಅಡುಗೆಮನೆಯ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಒಂದು ಸಾಲು ನೆಡುವಷ್ಟು ಬೀಜ ಸರಿಯಾದ ದಾರಿಯಲ್ಲಿ, ಚೀಟಿ ಅಂಟಿಸಿಕೊಂಡು, ಅವನ ಕೈ ಸೇರಬೇಕು.

"ಮುಂಚೆ ಪ್ರತಿ ಜುಲೈ ಫೋನ್ ಮಾಡೋನು. 'ಏನ್ ಹುಡುಗಿ, ಕಣ್ಣು ಮಂಜಾಯ್ತಾ? ನಿನ್ನ ಬೀಜದಲ್ಲಿ ಒಂದು ಕಾಯಿಲೆ ಗಿಡ ಸಿಕ್ತು ನೋಡು' ಅನ್ನೋನು. ಪ್ರತಿ ವರ್ಷ ಒಂದು. ಅದು ಬರೀ ಸುಳ್ಳು ಅಂತ ಕಾನಲ್ ಹೇಳ್ತಿದ್ದ, ನನಗೂ ಗೊತ್ತಿತ್ತು. ಗೊತ್ತಿದ್ರೂ ಮಾರನೇ ದಿನ ಇನ್ನೂ ಸ್ವಲ್ಪ ನಿಧಾನವಾಗಿ ನಡೀತಿದ್ದೆ. ಇನ್ನೊಂದು ಸಲ ಹಂಗೆ ಬೈಸ್ಕೋಬೇಕು. ಅಷ್ಟೇ."